ಅತಂತ್ರ: ಮಗ್ಗದಿಂದ ಎದ್ದು ಬಂದ ಮಾತು

ದಿನಪತ್ರಿಕೆ ಓದುವ ಮನೆಗಳಲ್ಲಿ ಒಂದು ಶಬ್ದ ವಾರಕ್ಕೆ ನಾಲ್ಕು ಸಲವಾದರೂ ಕಣ್ಣಿಗೆ ಬೀಳುತ್ತದೆ. ಹೊಳೆ ಬಂದರೆ ‘ಸಂತ್ರಸ್ತರ ಬದುಕು ಅತಂತ್ರ’. ಕಾಲೇಜು ಶುರುವಾಗುವ ಹೊತ್ತಿಗೆ ‘ಅತಿಥಿ ಉಪನ್ಯಾಸಕರು ಅತಂತ್ರ’. ಮತ ಎಣಿಕೆ ಮುಗಿದರೆ ‘ಅತಂತ್ರ ವಿಧಾನಸಭೆ’. ಕಬ್ಬಿನ ಬಿಲ್ಲು ಬರದಿದ್ದರೆ ರೈತ ಅತಂತ್ರ, ರಾತ್ರಿ ಬಸ್ಸು ಕೈಕೊಟ್ಟರೆ ಪ್ರಯಾಣಿಕರೂ ಅತಂತ್ರ. ಇಷ್ಟು ದುಡಿಯುವ ಶಬ್ದ ಇನ್ನೊಂದು ಸಿಗುವುದು ಕಷ್ಟ. ಆದರೆ ಅತಂತ್ರ ಅಂದರೇನು ಎಂದು ಕೇಳಿ ನೋಡಿ. ದೊಡ್ಡವರೂ ಅಂಗೈಯನ್ನು ಅತ್ತಿತ್ತ ಆಡಿಸಿ ತೋರಿಸುತ್ತಾರೆಯೇ ಹೊರತು ಬಾಯಿಬಿಟ್ಟು ಹೇಳುವುದಿಲ್ಲ.

ಭಾನುವಾರ ನಮ್ಮ ಮನೆಯ ಕಟ್ಟೆಗೆ ಓಣಿಯ ಒಂದಿಷ್ಟು ಮಕ್ಕಳು ಬಂದು ಕೂಡುತ್ತಾರೆ. ಪತ್ರಿಕೆ ಓದಿಸುವುದು ನನ್ನ ಚಟ, ಚುರುಮುರಿ ತಿನ್ನುವುದು ಅವರ ಚಟ. ಏಳನೆಯ ಇಯತ್ತೆಯ ಹುಡುಗನೊಬ್ಬ ಈ ಶಬ್ದದ ಹತ್ತಿರ ಬಂದು ನಿಂತ. ಅವನ ಅಪ್ಪ ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ಓಡಿಸುತ್ತಾನೆ.

“ಅಜ್ಜಾರ, ಕುತಂತ್ರ ಅಂದ್ರ ಕೆಟ್ಟ ಉಪಾಯ. ಹಂಗಾರ ಅತಂತ್ರ ಅಂದ್ರ ಉಪಾಯನ ಇಲ್ಲದವ ಏನ್ರಿ?”

ಊಹೆ ಕೆಟ್ಟದ್ದಲ್ಲ. ಅತಂತ್ರನಾದವನಿಗೆ ಉಪಾಯ ತೋಚುವುದಿಲ್ಲ ಎನ್ನುವುದೂ ನಿಜ. ಆದರೆ ತಂತ್ರ ಅಂದರೆ ಉಪಾಯ ಎನ್ನುವುದು ಪಂಚತಂತ್ರದ ನರಿಗಳು ನಮಗೆ ಕಲಿಸಿದ ಅರ್ಥ. ಅದಕ್ಕಿಂತ ಹಳೆಯ ಅರ್ಥವೊಂದಿದೆ. ಅದು ಆ ಹುಡುಗನ ಮನೆಯ ಪಡಸಾಲೆಯಲ್ಲೇ ದಿನವಿಡೀ ಖಟಪಟ ಅನ್ನುತ್ತಿದೆ.

ಸಂಸ್ಕೃತದಲ್ಲಿ ‘ತನ್’ ಎಂಬ ಧಾತುವಿಗೆ ಎಳೆದು ಹಾಸು, ಚಾಚು, ವಿಸ್ತರಿಸು ಎಂಬ ಅರ್ಥ. ಅದರಿಂದ ಹುಟ್ಟಿದ ‘ತಂತ್ರ’ ಶಬ್ದಕ್ಕೆ ವೇದದ ಕಾಲದಲ್ಲಿ ಇದ್ದ ಅರ್ಥ ಮಗ್ಗ, ಮಗ್ಗಕ್ಕೆ ಎಳೆದು ಕಟ್ಟಿದ ಹಾಸು. ಅಮರಕೋಶವೂ ತಂತ್ರದ ನಾನಾರ್ಥಗಳ ನಡುವೆ ನೇಯ್ಗೆಯ ಅರ್ಥವನ್ನು ಮರೆತಿಲ್ಲ. ಸಾವಿರಾರು ಎಳೆಗಳನ್ನು ಸಿಕ್ಕಾಗದಂತೆ, ಸಡಿಲಾಗದಂತೆ, ಒಂದು ಕ್ರಮದಲ್ಲಿ ಹಿಡಿದು ನಿಲ್ಲಿಸುವುದು ಮಗ್ಗದ ಕೆಲಸವಲ್ಲವೇ? ಹಾಗಾಗಿ ಆಮೇಲೆ ಯಾವುದೇ ಕ್ರಮಬದ್ಧ ಏರ್ಪಾಡಿಗೂ ತಂತ್ರ ಎಂಬ ಹೆಸರು ಬಂತು. ಶಾಸ್ತ್ರಕ್ಕೆ ತಂತ್ರ, ರಾಜ್ಯ ನಡೆಸುವ ರೀತಿಗೆ ತಂತ್ರ, ಕೊನೆಗೆ ನರಿಯ ಉಪಾಯಕ್ಕೂ ತಂತ್ರ.

ಮಗ್ಗ ನೋಡದ ಮಕ್ಕಳಿಗಾಗಿ ಎರಡು ಮಾತು ಹೇಳಬೇಕು. ಬಟ್ಟೆಯಲ್ಲಿ ಎರಡು ಬಗೆಯ ಎಳೆ ಇರುತ್ತವೆ. ಉದ್ದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ್ದು ಹಾಸು. ಅಡ್ಡಕ್ಕೆ ಲಾಳಿಯ ಹೊಟ್ಟೆಯಲ್ಲಿ ಕೂತು ಅತ್ತಿಂದಿತ್ತ ಓಡುವುದು ಹೊಕ್ಕು. ‘ಹಾಸುಹೊಕ್ಕಾಗಿದೆ’ ಎಂದು ನಾವು ಮಾತಿಗೊಮ್ಮೆ ಅನ್ನುತ್ತೇವಲ್ಲ, ಅದು ಇದೇ. ಹಾಸು ಒಂದು ದಪ್ಪ ಉರುಳೆಗೆ ಸುತ್ತಿ ಬರುತ್ತದೆ. ಅದನ್ನು ನಮ್ಮ ಕಡೆ ಬೀಮು ಅನ್ನುತ್ತಾರೆ. ಎಳೆಗಳು ಹಣಿಗೆಯ ಸಂದುಗಳಲ್ಲಿ ಒಂದೊಂದಾಗಿ ಹಾದು ನೇಕಾರನ ಕಡೆಗೆ ಬರುತ್ತವೆ. ಒಂದು ಬೀಮು ಮುಗಿಯುವ ಹೊತ್ತಿಗೆ ಹೊಸ ಬೀಮಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ಒಂದೊಂದು ತುದಿಗೆ ಹೊಸೆದು ಕೂಡಿಸುತ್ತಾರೆ. ಇದು ಕೆಚ್ಚುವುದು. ಮನೆಯ ಹೆಣ್ಣುಮಕ್ಕಳು ಸಾವಿರಾರು ಎಳೆಗಳನ್ನು ಮಾತಾಡುತ್ತಲೇ ಕೆಚ್ಚಿಬಿಡುತ್ತಾರೆ. ನೋಡುವ ನಮಗೆ ಕಣ್ಣು ನೋಯುತ್ತದೆ, ಅವರಿಗೆ ಬೆರಳು ನೋಯುವುದಿಲ್ಲ. ನಮ್ಮದೇ ಜಿಲ್ಲೆಯ ಇಳಕಲ್ಲ ಸೀರೆಯಲ್ಲಂತೂ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆಳೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ.

ತನ್ ಧಾತುವಿನ ಬಳಗ ದೊಡ್ಡದು. ತಂತು ಅಂದರೆ ನೂಲು. ಏಕತಾರಿಯ ತಂತಿ, ಹಾಡುಗಾರರು ಎಳೆಯುವ ತಾನ, ಮನೆಯ ಸಂತಾನ, ಎಲ್ಲ ಇದೇ ಕುಲದವು. ಸಂತಾನ ಅಂದರೆ ಎಳೆ ಹರಿಯದೆ ಮುಂದುವರಿಯುವುದು. ಅಜ್ಜ ಒಂದು ತುದಿ, ಮೊಮ್ಮಗ ಇನ್ನೊಂದು ತುದಿ. ಮೊಬೈಲಿನ ತಂತ್ರಾಂಶದಲ್ಲೂ ಆ ಹಳೆಯ ಮಗ್ಗ ಅಡಗಿ ಕೂತಿದೆ. ಇನ್ನೊಂದು ತಮಾಷೆ ಕೇಳಿ. ಪರೀಕ್ಷೆ ಬಂದಾಗ ನೀವೆಲ್ಲ ‘ಟೆನ್ಶನ್’ ಅನ್ನುತ್ತೀರಲ್ಲ, ಆ ಶಬ್ದ ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು, ಎಳೆದು ಬಿಗಿ ಮಾಡು ಎಂಬ ಅರ್ಥದ ಮೂಲದಿಂದ. ಸಾವಿರಾರು ವರ್ಷಗಳ ಹಿಂದಕ್ಕೆ ಹೋದರೆ ಅದಕ್ಕೂ ನಮ್ಮ ತಂತ್ರಕ್ಕೂ ಒಂದೇ ಬೇರು. ಇಂಗ್ಲಿಷಿನವರ ‘ಟೆಕ್ಸ್ಟ್’ ಮತ್ತು ‘ಟೆಕ್ಸ್‌ಟೈಲ್’ ಕೂಡ ನೇಯು ಎಂಬ ಇನ್ನೊಂದು ಲ್ಯಾಟಿನ್ ಮಾತಿನಿಂದ ಹುಟ್ಟಿದ ಅಣ್ಣತಮ್ಮಂದಿರು. ಮನುಷ್ಯ ಎಲ್ಲೇ ಇರಲಿ, ಯೋಚನೆ ಮಾಡಲು ಕೂತಾಗ ಮಗ್ಗದ ಪಕ್ಕದಲ್ಲೇ ಕೂತಂತೆ ಕಾಣುತ್ತದೆ.

ಈಗ ನಮ್ಮ ಊರಿಗೆ ಬರೋಣ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಸ್ವತಂತ್ರ, ಪರತಂತ್ರ, ಅತಂತ್ರ ಮೂರೂ ಒಂದೇ ಸಾಲಿನ ಮನೆಗಳಲ್ಲಿ ಇರುತ್ತವೆ. ತನ್ನದೇ ಮಗ್ಗ, ತನ್ನದೇ ರೊಕ್ಕದಿಂದ ತಂದ ನೂಲು, ತಾನೇ ಪೇಟೆಗೆ ಒಯ್ದು ಮಾರುವ ಸೀರೆ ಇದ್ದವ ಸ್ವತಂತ್ರ. ಸಾಹುಕಾರರು ಬೀಮು ಕೊಟ್ಟು, ಹೊಕ್ಕಿನ ನೂಲು ಕೊಟ್ಟು, ನೇಯ್ದು ತಂದ ಸೀರೆಗೆ ಇಂತಿಷ್ಟು ಎಂದು ಕೂಲಿ ಕೊಟ್ಟರೆ ಅವ ಪರತಂತ್ರ. ನಮ್ಮಲ್ಲಿ ಹೆಚ್ಚಿನವರು ಈ ಎರಡನೆಯ ಸಾಲಿನವರೇ. ಪರತಂತ್ರ ಅಂದ ಕೂಡಲೆ ಮೂಗು ಮುರಿಯಬೇಡಿ. ಆ ಕೂಲಿಯಲ್ಲೇ ಮಕ್ಕಳು ಎಂಜಿನಿಯರ್ ಆಗಿದ್ದಾರೆ, ಮನೆಗೆ ಸ್ಲ್ಯಾಬು ಬಿದ್ದಿದೆ. ಮೂರನೆಯವನ ಮನೆಯಲ್ಲಿಯೂ ಮಗ್ಗ ಇರುತ್ತದೆ. ಆದರೆ ಬೀಮು ಬಂದಿರುವುದಿಲ್ಲ. ಹಾಸು ಇಲ್ಲದ ಮಗ್ಗದ ಮುಂದೆ ಲಾಳಿ ಹಿಡಿದು ಕೂತವನು ಅತಂತ್ರ. ಶಬ್ದದ ಅಕ್ಷರಕ್ಕೆ ಅಕ್ಷರ ಹೊಂದುವ ಅರ್ಥ ಇದು.

ವಿಚಿತ್ರ ಏನೆಂದರೆ, ಸಂಸ್ಕೃತದ ನಿಘಂಟು ತೆಗೆದರೆ ಅತಂತ್ರಕ್ಕೆ ಈ ದುಃಖ ಇಲ್ಲ. ತಂತಿ ಇಲ್ಲದ್ದು, ಕಟ್ಟು ಇಲ್ಲದ್ದು, ಅಂಕೆಗೆ ಸಿಗದ್ದು ಎಂದು ಬರೆದಿರುತ್ತಾರೆ. ಅಲ್ಲಿ ಅದು ಹಗ್ಗ ಬಿಚ್ಚಿದ ಹೋರಿ. ಕನ್ನಡಕ್ಕೆ ಬಂದ ಮೇಲೆ ಅದೇ ಶಬ್ದ ತಲೆಕೆಳಗಾಗಿ, ಹಿಡಿಯಲು ಹಗ್ಗ ಸಿಗದ ಮನುಷ್ಯನಾಯಿತು. ಕಟ್ಟು ಇಲ್ಲದಿರುವುದನ್ನು ಅವರು ಹೋರಿಯ ಕಡೆಯಿಂದ ನೋಡಿದರು, ನಾವು ಬಾವಿಗೆ ಬಿದ್ದವನ ಕಡೆಯಿಂದ ನೋಡಿದೆವು. ನನಗೆ ನಮ್ಮವರ ನೋಟವೇ ಹೆಚ್ಚು ಹಿಡಿಸುತ್ತದೆ.

ಅಲ್ಲಾಡುವುದಕ್ಕೆಲ್ಲ ಅತಂತ್ರ ಅನ್ನಬಾರದು. ಕಾಲು ಗಿಡ್ಡಾದ ಕುರ್ಚಿ ಅಲ್ಲಾಡುತ್ತದೆ, ಅದು ಅತಂತ್ರವಲ್ಲ. ಕೆಳಗೆ ಒಂದು ರಟ್ಟಿನ ತುಂಡು ಇಟ್ಟರೆ ಮುಗಿಯಿತು. ಬಗರಿ ನಿಲ್ಲುವ ಮುಂಚೆ ತೂರಾಡುತ್ತದೆ, ಅದು ಅಸ್ಥಿರ. ಒಂದು ಗಳಿಗೆ ಗಣಿತದ ಪುಸ್ತಕ, ಇನ್ನೊಂದು ಗಳಿಗೆ ಮೊಬೈಲು ಅನ್ನುವ ಮನಸ್ಸು ಚಂಚಲ. ಪತ್ರಿಕೆಯವರಿಗೆ ಪ್ರಿಯವಾದ ‘ಡೋಲಾಯಮಾನ’ ಇನ್ನೂ ಬೇರೆ. ಡೋಲಾ ಅಂದರೆ ಉಯ್ಯಾಲೆ. ನಾಗರಪಂಚಮಿಗೆ ಬೇವಿನ ಟೊಂಗೆಗೆ ಹಗ್ಗ ಬಿಗಿದು ಜೋಕಾಲಿ ಆಡುತ್ತೀರಲ್ಲ, ಆಗ ನೀವು ಡೋಲಾಯಮಾನ. ಎಷ್ಟೇ ಜೋರಾಗಿ ಜೀಕಿದರೂ ಮೇಲೆ ಹಗ್ಗ ಕಟ್ಟಿದೆ ಎಂಬ ನಂಬಿಕೆ ಇರುತ್ತದೆ, ಅದಕ್ಕೇ ನಗು ಬರುತ್ತದೆ. ಆ ಹಗ್ಗ ಹರಿದ ಕ್ಷಣಕ್ಕೆ ಅತಂತ್ರ. ಸೂತ್ರ ಹರಿದ ಗಾಳಿಪಟ ಎನ್ನುವುದು ಇದರ ಹತ್ತಿರದ ನೆಂಟ. ನಮ್ಮ ಓಣಿಯ ಮುದುಕಿಯರು ಇಷ್ಟೆಲ್ಲ ಸಂಸ್ಕೃತಕ್ಕೆ ಹೋಗುವುದಿಲ್ಲ. “ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ, ಅಂತರಪಿಶಾಚಿ ಆಗ್ಯಾನ” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಬ್ಯಾಂಕಿನಲ್ಲೂ ಈ ಅಂತರಪಿಶಾಚಿಗೆ ಒಂದು ಕುರ್ಚಿ ಇತ್ತು. ಕಂಪ್ಯೂಟರು ಬರುವ ಮೊದಲು, ಯಾರ ಖಾತೆಗೆ ಸೇರಬೇಕೆಂದು ಗೊತ್ತಾಗದ ಹಣ ಬಂದರೆ ಅದನ್ನು ಹೊರಗೂ ಹಾಕುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ‘ಸಸ್ಪೆನ್ಸ್ ಖಾತೆ’ ಎಂಬ ಪುಟಕ್ಕೆ ಬರೆದು ಇಡುತ್ತಿದ್ದೆವು. ಸಸ್ಪೆನ್ಸ್ ಅಂದರೆ ತೂಗುಬಿದ್ದದ್ದು. ವಾರಸುದಾರ ಸಿಗುವವರೆಗೆ ಆ ಹಣ ಅಲ್ಲೇ ಜೋತಾಡುತ್ತ ಇರಬೇಕು. ಲೆಕ್ಕ ತಪಾಸಣೆಗೆ ಬಂದವರು ಮೊದಲು ತೆಗೆಯುತ್ತಿದ್ದದ್ದೇ ಆ ಪುಟ.

ವಿಧಾನಸಭೆಗೂ ಇಂಗ್ಲಿಷಿನವರು ಇದೇ ತೂಗುಬಿದ್ದ ಚಿತ್ರವನ್ನೇ ಬಳಸುತ್ತಾರೆ. ಹಿಂದಿಯವರು ‘ತ್ರಿಶಂಕು’ ಅನ್ನುತ್ತಾರೆ. ವಿಶ್ವಾಮಿತ್ರರು ಸ್ವರ್ಗಕ್ಕೆ ಕಳಿಸಿದರೆ ಇಂದ್ರ ಕೆಳಕ್ಕೆ ನೂಕಿ, ನಡುವೆ ತಲೆಕೆಳಗಾಗಿ ನಿಂತನಲ್ಲ, ಆ ರಾಜ. ಕನ್ನಡದ ಪತ್ರಿಕೆಯವರು ಮಾತ್ರ ಅತಂತ್ರವನ್ನು ಆರಿಸಿಕೊಂಡರು. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ, ಬಹುಮತಕ್ಕೆ 113 ಬೇಕು. 1983ರಲ್ಲಿ ಅತಿ ಹೆಚ್ಚು ಗೆದ್ದ ಪಕ್ಷಕ್ಕೆ ಬಂದದ್ದು 95. 2004ರಲ್ಲಿ 79. 2018ರ ಮೇ ತಿಂಗಳಲ್ಲಿ 104. ಆ ಸಲ ಮೇ 17ರಂದು ಪ್ರಮಾಣವಚನ ತೆಗೆದುಕೊಂಡ ಮುಖ್ಯಮಂತ್ರಿ 19ಕ್ಕೆ ರಾಜೀನಾಮೆ ಕೊಟ್ಟರು, 23ಕ್ಕೆ ಇನ್ನೊಬ್ಬರು ಬಂದರು. ಅವರ ಸರಕಾರವೂ ಮುಂದಿನ ವರ್ಷ ಜುಲೈನಲ್ಲಿ 99ಕ್ಕೆ 105 ಮತಗಳಿಂದ ಬಿತ್ತು. ಎಳೆಗಳೆಲ್ಲ ಇದ್ದವು, ಬೀಮಿಗೆ ಸುತ್ತಿ ನಿಲ್ಲಿಸುವವರು ಇರಲಿಲ್ಲ.

ಹಳೆಯ ತಲೆಗಳಿಗೆ ಇದಕ್ಕಿಂತ ದೊಡ್ಡ ಅತಂತ್ರ ನೆನಪಿರಬಹುದು, ಇಲ್ಲವೇ ಹಿರಿಯರಿಂದ ಕೇಳಿರಬಹುದು. ಸ್ವಾತಂತ್ರ್ಯ ಬಂದಾಗ ನಮ್ಮ ಈ ನಾಲ್ಕು ಊರು ಒಂದೇ ಆಡಳಿತದಲ್ಲಿ ಇರಲಿಲ್ಲ. ಜಮಖಂಡಿಗೆ ಪಟವರ್ಧನರು, ಮುಧೋಳಕ್ಕೆ ಘೋರ್ಪಡೆಯವರು. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಪಕ್ಕಕ್ಕೇ ಅಂಟಿಕೊಂಡ ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ದೇಶ 1947ರ ಆಗಸ್ಟ್ 15ಕ್ಕೆ ಸ್ವತಂತ್ರವಾಯಿತು. ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚ್ 8ಕ್ಕೆ. ನಡುವಿನ ಏಳು ತಿಂಗಳು ಸಂತೆಯಲ್ಲಿ, ಗುಡಿಯ ಕಟ್ಟೆಯಲ್ಲಿ ಒಂದೇ ಪ್ರಶ್ನೆ ಇತ್ತು ಎಂದು ನಮ್ಮ ತಂದೆ ಹೇಳುತ್ತಿದ್ದರು: “ಇನ್ನ ಪಟ್ಟಿ ಯಾರಿಗಿ ಕಟ್ಟೂದು?” ಆ ಕೊನೆಯ ದಿನಗಳಲ್ಲಿ ಜಮಖಂಡಿಯ ದಿವಾನರಾಗಿ ವಿಲೀನದ ಕೆಲಸ ಮುಗಿಸಿದವರು ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು. ಮುಂದೆ ಅವರು 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ, ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರೇ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿ ದೇಶದ ದಾರ ಹಿಡಿದರು. ದಿಲ್ಲಿಯಲ್ಲಿ ಸರಕಾರವೇ ಬದಲಾದ ದಿನಗಳು ಅವು. ನಮ್ಮ ಪುಟ್ಟ ತಾಲ್ಲೂಕಿಗೆ ಇದು ಕಡಿಮೆ ಹೆಮ್ಮೆಯಲ್ಲ, ಶಾಲೆಯ ಮಕ್ಕಳಿಗೆ ಯಾರೂ ಹೇಳುವುದಿಲ್ಲ ಅಷ್ಟೆ.

2018ರ ಆ ಗದ್ದಲದ ನಡುವೆ, ಮೇ 28ರಂದು, ಜಮಖಂಡಿಯ ಶಾಸಕ ಸಿದ್ದು ನ್ಯಾಮಗೌಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ‘ಬ್ಯಾರೇಜ್ ಸಿದ್ದು’ ಎಂದೇ ಅವರ ಹೆಸರು. ಬೇಸಿಗೆ ಬಂದರೆ ಕೃಷ್ಣೆ ಬತ್ತಿ, ದಂಡೆಯ ರೈತ ಪಂಪ್‌ಸೆಟ್ಟು ಇಟ್ಟುಕೊಂಡು ಮುಗಿಲು ನೋಡುತ್ತಿದ್ದ ಕಾಲ ಅದು. ಸರಕಾರದ ದಾರಿ ಕಾಯ್ದು ಬೇಸತ್ತ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಹೊಳೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಆ ಕೆಲಸದ ಮುಂದಾಳು ನ್ಯಾಮಗೌಡರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತ ರಾಮಕೃಷ್ಣ ಹೆಗಡೆಯವರಂಥವರನ್ನೇ ಅವರು ಸೋಲಿಸಿದ್ದು ಆ ಬ್ಯಾರೇಜಿನ ಬಲದಿಂದ ಎಂದು ನಮ್ಮ ಕಡೆಯವರು ಇವತ್ತಿಗೂ ಹೇಳುತ್ತಾರೆ.

ಅದೇ ಕೃಷ್ಣೆ ಕೆಳಗೆ ಬೀಳಗಿ ತಾಲ್ಲೂಕಿಗೆ ಹೋದಾಗ ಬೇರೆಯೇ ಕಥೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ನೀರು ನಿಂತದ್ದು ಬಹಳ ವರ್ಷಗಳ ಮೇಲೆ. ನಡುವೆ ನೋಟೀಸು, ಸರ್ವೆ, ಪರಿಹಾರ, ಮತ್ತೆ ನೋಟೀಸು. ಹೊಲ ಮುಳುಗುತ್ತದೆ ಎಂದು ಗೊತ್ತು, ಯಾವಾಗ ಎಂದು ಗೊತ್ತಿಲ್ಲ. ಮಗನ ಮದುವೆಗೆ ಮನೆಯ ಮುಂದೆ ಒಂದು ಖೋಲಿ ಕಟ್ಟಿಸಬೇಕೋ ಬೇಡವೋ? ಹೊಲದಲ್ಲಿ ಮಾವಿನ ಗಿಡ ಹಚ್ಚಬೇಕೋ ಬೇಡವೋ? ಮುಳುಗುವ ಊರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವವರೂ ಇದ್ದರು. ಈಗ ನೀರು ನಿಲ್ಲುವುದು 519.6 ಮೀಟರಿಗೆ. ಅದನ್ನು 524.256 ಮೀಟರಿಗೆ ಏರಿಸಬಹುದು ಎಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಆ ನಾಲ್ಕೂವರೆ ಮೀಟರಿನ ಪಟ್ಟಿಯಲ್ಲಿ ಬರುವ ಮನೆಗಳವರು ಅಂದಿನಿಂದ ಹೊಸ ಇಟ್ಟಿಗೆ ಇಡುವ ಮುಂಚೆ ನೂರು ಸಲ ಯೋಚಿಸುತ್ತಾರೆ. ‘ಅತಂತ್ರ’ ಎಂಬ ಶಬ್ದವನ್ನು ಬಸ್ಸು ತಪ್ಪಿದವರಿಗೂ ಖರ್ಚು ಮಾಡಿಬಿಟ್ಟರೆ ಇವರಿಗೆ ಯಾವ ಶಬ್ದ ಕೊಡುತ್ತೀರಿ?

ನಾನು ಆ ಕಡೆಯ ಶಾಖೆಯಲ್ಲಿದ್ದಾಗ ಮುದುಕರೊಬ್ಬರು ಪರಿಹಾರದ ಹಣ ಠೇವಣಿ ಇಟ್ಟಿದ್ದರು. ಹಣ ತೆಗೆಯುವುದು ಇಲ್ಲ, ಹಾಕುವುದೂ ಇಲ್ಲ, ಆದರೂ ಎಂಟು ದಿನಕ್ಕೊಮ್ಮೆ ಪಟಗಾ ಸುತ್ತಿಕೊಂಡು ಬಂದು ಪಾಸ್‌ಬುಕ್ಕು ಚಾಚುವರು. “ಯಜಮಾನ್ರ, ಮೊನ್ನೆ ನೋಡೀರಲ್ರಿ, ರೊಕ್ಕ ಎಲ್ಲೂ ಹೋಗಿಲ್ಲ” ಅಂದೆ ಒಂದು ದಿನ. ಅವರು ಹೇಳಿದರು: “ಹೊಲ ಇದ್ದಾಗ ದಿನಾ ಹೋಗಿ ಒಂದ ಸಲ ನೋಡ್ಕೊಂಡ ಬರ್ತಿದ್ದೆ, ಸಾಹೇಬ್ರ. ಈಗ ಇದನ್ನ ನೋಡಾಕ ಬರ್ತೀನಿ.” ಆಮೇಲೆ ನಾನು ಕೇಳುವುದನ್ನು ಬಿಟ್ಟು, ಪುಟ ತೆರೆದು ಅಂಕಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ.

ಅಣೆಕಟ್ಟಿನ ನೀರು ಹೇಳಿ ಬರುತ್ತದೆ. ಹೊಳೆಯ ನೀರು ಹಾಗಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಜಮಖಂಡಿಯ ಹೊಳೆಸಾಲಿಗೆ ನುಗ್ಗಿದಳು, ಘಟಪ್ರಭೆ ಮುಧೋಳದ ಓಣಿಗಳಿಗೇ ಬಂದಳು. ಜನ ದನಕರು ಹೊಡೆದುಕೊಂಡು ಶಾಲೆಗಳಲ್ಲಿ ಇದ್ದರು. ನೀರು ಇಳಿದ ಮೇಲೆ ಅವರನ್ನು ಹಿಡಿದು ನಿಲ್ಲಿಸಿದ್ದು ಸಣ್ಣ ಸಣ್ಣ ಕಾಗದಗಳು: ರೇಷನ್ ಕಾರ್ಡು, ಉತಾರ, ಮಗಳ ಅಂಕಪಟ್ಟಿ. ಅವೂ ತೋಯ್ದು ಹೋದವರು ಕಚೇರಿಯಿಂದ ಕಚೇರಿಗೆ ತಿರುಗಿದರು.

ಅದು ಮುಗಿದು ಏಳೆಂಟು ತಿಂಗಳಿಗೆ ಲಾಕ್‌ಡೌನು. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ರಬಕವಿ-ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಮಗ್ಗದ ಸದ್ದು ಗಡಿಯಾರದ ಸದ್ದಿನ ಹಾಗೆ, ಇದ್ದಾಗ ಕೇಳಿಸುವುದೇ ಇಲ್ಲ. ನಿಂತ ಮೇಲೆ ಕೇಳಿಸಿತು. ಹಗಲು ಹೊತ್ತಿನಲ್ಲಿ ಗುಬ್ಬಿಯ ಸದ್ದು ಕೇಳುವ ಊರಾಗಿಬಿಟ್ಟಿತು. ಸೀರೆ ಕೊಳ್ಳುವ ಪೇಟೆಗಳು ಮುಚ್ಚಿದ್ದವು, ಸಾಹುಕಾರರ ಮನೆಯಲ್ಲಿ ಮಾಲು ಚಾವಣಿ ಮುಟ್ಟಿತ್ತು, ಹೊಸ ಬೀಮು ಕೊಡುವವರಿರಲಿಲ್ಲ. ಕೈಮಗ್ಗದವರಿಗೆ ಸರಕಾರ ‘ನೇಕಾರ ಸಮ್ಮಾನ್’ ಎಂದು ವರ್ಷಕ್ಕೆ 2,000 ರೂಪಾಯಿ ಕೊಡುವುದನ್ನು ಆ ವರ್ಷ ಶುರು ಮಾಡಿತು. ಒಂದು ಮನೆಗೆ ಎಷ್ಟು ದಿನದ ಖರ್ಚು ಅದು ಎಂದು ಮಕ್ಕಳೇ ಲೆಕ್ಕ ಹಾಕಲಿ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಮಗ್ಗದ ಮೇಲೆ ಹಳೆಯ ಹಾಸಿನ ತುದಿ ಮಾತ್ರ ಗೇಣುದ್ದ ಉಳಿದಿತ್ತು. ಹೊಸ ಬೀಮು ಬಂದಾಗ ಕೆಚ್ಚಬೇಕಲ್ಲ, ಅದಕ್ಕೆಂದು ಆ ತುದಿಯನ್ನು ಕತ್ತರಿಸದೆ ಬಿಟ್ಟಿದ್ದರು. ಮನೆಯಾಕೆ ದಿನಾ ಬೆಳಿಗ್ಗೆ ಅದರ ಧೂಳು ಕೊಡವಿ, ಮೇಲೆ ಒಂದು ಹಳೆಯ ಧೋತರ ಹೊಚ್ಚುತ್ತಿದ್ದಳು. ಕೆಲಸಕ್ಕೆಂದು ಗಂಡ ಬೇರೆ ಊರಿಗೆ ಹೋಗುವ ಮಾತು ತೆಗೆದಾಗ, “ಬೀಮ ಬಂದ ದಿನ ಮನ್ಯಾಗ ಯಾರೂ ಇಲ್ಲಂದ್ರ?” ಎಂದು ತಡೆದಳಂತೆ. ಬೀಮು ಬಂದದ್ದು ಮಳೆಗಾಲ ಹಿಡಿದ ಮೇಲೆ. ಧೋತರ ತೆಗೆದು ನೋಡಿದರೆ ಒಂದು ಬದಿಯ ಎಳೆಗಳನ್ನು ಇಲಿ ಕಡಿದಿತ್ತು. ಉಳಿದ ಕಡೆ ಆಕೆ ಮತ್ತು ಅತ್ತೆ ಕೂತು ಕೆಚ್ಚಿದರು. ಕಡಿದ ಬದಿಯ ಎಳೆಗಳನ್ನು ಹಣಿಗೆಯ ಸಂದಿನಲ್ಲಿ ಹೊಸದಾಗಿ ಒಂದೊಂದೇ ಹಾಯಿಸಬೇಕಾಯಿತು. ಶಾಲೆ ಇಲ್ಲದ ಮಕ್ಕಳಿಬ್ಬರು ಈಚೆಯಿಂದ ಎಳೆ ಎತ್ತಿ ಕೊಡುವವರು, ಅಪ್ಪ ಆಚೆಯಿಂದ ಎಳೆದುಕೊಳ್ಳುವವನು. ಎರಡು ದಿನ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಮಗ್ಗ ಶುರುವಾಯಿತು.